ಹದಿಹರೆಯದ ಮೂಕದುಗುಡವೂ ಜನಪ್ರಿಯ ಕಲೆಯೂ

'ಬೇಜಾರು' ಎಂಬುದು ಪಾರಸಿಯಿಂದ ಬಂದು ಕನ್ನಡದ ಮನೆಮಾತಿನಲ್ಲಿ ನೆಲೆನಿಂತ ಶಬ್ದ. ಮಳೆ ಹಿಡಿದು ಆಟ ನಿಂತರೆ ಬೇಜಾರು. ರಾತ್ರಿಯೂ ಬೆಳಗಿನ ಸಾರೇ ತಟ್ಟೆಗೆ ಬಂದರೆ ಬೇಜಾರು. ಗೆಳೆಯನು ಮಾತು ಬಿಟ್ಟರೆ ಬೇಜಾರು. ಹತ್ತಿರದವರು ತೀರಿಕೊಂಡರೂ ಬೇಜಾರೇ. ಇಷ್ಟೊಂದು ಅರ್ಥಗಳನ್ನು ಒಂದೇ ಪದದ ಮೇಲೆ ಹೇರಿದುದರಿಂದ ದೊಡ್ಡವರಿಗೆ ತೊಂದರೆಯೇನೂ ಆಗದು. ಸಂದರ್ಭವನ್ನು ನೋಡಿ ಅವರು ತೂಕವನ್ನು ಊಹಿಸಿಕೊಳ್ಳಬಲ್ಲರು. ಆದರೆ ಹದಿನಾಲ್ಕು ವರ್ಷದ ಮಗಳನ್ನು "ಏನಾಗಿದೆಯೇ ನಿನಗೆ?" ಎಂದು ತಾಯಿ ಕೇಳಿ, ಮಗಳು "ಏನಿಲ್ಲಮ್ಮಾ, ಬೇಜಾರು" ಎಂದುತ್ತರಿಸಿದಾಗ, ತಾಯಿಯು ಕೇಳಿಸಿಕೊಳ್ಳುವುದು ಆ ಪದದ ಅತ್ಯಂತ ಹಗುರವಾದ ಅರ್ಥವನ್ನು; ಮಗಳು ಹೇಳಿದುದಾದರೋ ಅತ್ಯಂತ ಭಾರವಾದ ಅರ್ಥವಿರಬಹುದು.

ಕನ್ನಡಕ್ಕೆ ಪದಗಳ ಬಡತನವಿಲ್ಲ. ದುಗುಡ, ಅಳಲು, ಕೊರಗು, ಮಂಕು, ಕಳವಳ, ವಿಷಾದ ಇವೆಲ್ಲ ಬೇರೆ ಬೇರೆ ಛಾಯೆಗಳುಳ್ಳ ಮಾತುಗಳು. ಮನಸ್ಸಿನ ರೋಗಗಳನ್ನು ತಿಳಿಗನ್ನಡದಲ್ಲಿ ಬಿಡಿಸಿ ಹೇಳಿದವರ ಪರಂಪರೆಯೂ ನಮ್ಮಲ್ಲಿದೆ. 'ರಾಶಿ' ಎಂದೇ ಹೆಸರಾದ ಡಾ. ಎಂ. ಶಿವರಾಂ ಅವರ 'ಮನಮಂಥನ'ಕ್ಕೆ ೧೯೭೬ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ವಿನೋದ ಲೇಖಕರಾಗಿದ್ದ ವೈದ್ಯರೊಬ್ಬರ ಮನೋವಿಜ್ಞಾನ ಗ್ರಂಥಕ್ಕೆ ಸಾಹಿತ್ಯದ ಮನ್ನಣೆ ದೊರೆತುದು ಸಣ್ಣ ಸಂಗತಿಯಲ್ಲ. ಆದರೆ ಮುಂಬಯಿ, ಪುಣೆ, ಚೆನ್ನೈಗಳಲ್ಲಿ ಇಂಗ್ಲಿಷಿನಲ್ಲಿ ಪಾಠ ಕೇಳಿ, ಹಿಂದಿಯಲ್ಲೋ ಮರಾಠಿಯಲ್ಲೋ ತಮಿಳಿನಲ್ಲೋ ಆಟವಾಡಿ, ಊಟದ ಹೊತ್ತಿಗೆ ಮಾತ್ರ ಕನ್ನಡಕ್ಕೆ ಮರಳುವ ಮಗುವಿನ ಪಾಲಿಗೆ ಈ ಪದಸಂಪತ್ತು ಮುಚ್ಚಿದ ಪೆಟ್ಟಿಗೆ. ಅದಕ್ಕೆ ಉಳಿದಿರುವುದು ಬೇಜಾರು ಒಂದೇ. 'ಖಿನ್ನತೆ' ಎಂಬ ವೈದ್ಯಕೀಯ ಪದವನ್ನು ಅಡುಗೆಮನೆಯಲ್ಲಿ ನಿಂತು ಯಾರೂ ಆಡುವುದಿಲ್ಲ.

ಹೀಗೆ ಮನೆಯ ಮಾತು ಕೈಕೊಟ್ಟಲ್ಲಿ ಹದಿಹರೆಯದವರು ತಮ್ಮ ಸ್ಥಿತಿಗೆ ಹೆಸರನ್ನು ಎಲ್ಲಿಂದ ತರುವರು? ಹಾಡಿನಿಂದ, ಚಲಚ್ಚಿತ್ರದಿಂದ, ಧಾರಾವಾಹಿಯಿಂದ. ಹಿರಿಯರು ಇದನ್ನು ಕಾಲಹರಣವೆಂದು ಬಗೆಯುವರು. ಅದು ಬಹುಮಟ್ಟಿಗೆ ಎರವಲು ಪಡೆದ ನುಡಿ ಎಂಬುದನ್ನೂ, ಆ ಎರವಲಿನಿಂದ ಆಗುವ ಲಾಭವೇನು, ಅಪಾಯವೇನು ಎಂಬುದನ್ನೂ ಇಲ್ಲಿ ವಿವೇಚಿಸಲಾಗಿದೆ.

ಮೊದಲು ಶಾಸ್ತ್ರದ ಮಾತು. ಹದಿಹರೆಯವನ್ನು ಜೀವನದ ಪ್ರತ್ಯೇಕ ಘಟ್ಟವೆಂದು ಗುರುತಿಸಿ ಬೃಹದ್ಗ್ರಂಥವನ್ನು ರಚಿಸಿದವನು ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟಾನ್ಲಿ ಹಾಲ್. ೧೯೦೪ರಲ್ಲಿ ಎರಡು ಸಂಪುಟಗಳಾಗಿ ಹೊರಬಂದ ಆ ಗ್ರಂಥದಲ್ಲಿ ಅವನು ಈ ವಯಸ್ಸನ್ನು ಬಿರುಗಾಳಿಯ ಕಾಲವೆಂದು ಬಣ್ಣಿಸಿದನು. ಎಲ್ಲ ಮಕ್ಕಳಿಗೂ ಬಿರುಗಾಳಿ ಬೀಸುವುದಿಲ್ಲವೆಂದು ಅನಂತರದ ಸಂಶೋಧನೆಗಳು ತೋರಿಸಿಕೊಟ್ಟಿವೆ. ಆದರೂ ಮೂಲಸಂಗತಿಯಲ್ಲಿ ಹುರುಳಿದೆ. ಮಿದುಳಿನಲ್ಲಿ ಭಾವಾವೇಗಗಳಿಗೆ ಸಂಬಂಧಿಸಿದ ಭಾಗಗಳು ಮೊದಲು ಚುರುಕಾಗುತ್ತವೆ. ಅವನ್ನು ತೂಗಿನೋಡಿ ಹತೋಟಿಯಲ್ಲಿಡುವ ಮುಂದಲೆಯ ಭಾಗವು ಇಪ್ಪತ್ತೈದರ ಆಸುಪಾಸಿನವರೆಗೂ ಬೆಳೆಯುತ್ತಲೇ ಇರುತ್ತದೆ. ನಿದ್ರೆಯ ವೇಳೆಯೂ ಈ ವಯಸ್ಸಿನಲ್ಲಿ ಸಹಜವಾಗಿಯೇ ಹಿಂದಕ್ಕೆ ಸರಿಯುವುದು. ರಾತ್ರಿ ಹನ್ನೊಂದಾದರೂ ಕಣ್ಣು ಮುಚ್ಚದ ಹುಡುಗನನ್ನು ಬೆಳಗಿನ ಆರಕ್ಕೆ ಎಬ್ಬಿಸಿ ಲೋಕಲ್ ರೈಲಿಗೆ ಹತ್ತಿಸುವ ನಾವು, ಅವನು ಸೋಮಾರಿ ಎಂದು ತೀರ್ಮಾನಿಸುವುದು ನ್ಯಾಯವಲ್ಲ.

ಒತ್ತಡ ಬೇರೆ, ಖಿನ್ನತೆ ಬೇರೆ. ಪರೀಕ್ಷೆಯ ಭಯವು ಪರೀಕ್ಷೆ ಮುಗಿದೊಡನೆ ಇಳಿಯುವುದು ಒತ್ತಡದ ಲಕ್ಷಣ. ಖಿನ್ನತೆಯು ಕಾರಣ ಕಳೆದ ಮೇಲೂ ಕದಲದೆ ಕುಳಿತಿರುತ್ತದೆ. ಎರಡು ವಾರಗಳಿಗೂ ಮೀರಿ ಬಹುತೇಕ ಪ್ರತಿದಿನವೂ ಮನಸ್ಸು ಕುಗ್ಗಿರುವುದು, ಮೊದಲು ಮೆಚ್ಚಿದ್ದ ಆಟಪಾಟಗಳಲ್ಲಿ ರುಚಿ ಹೋಗುವುದು, ನಿದ್ರೆ ಹಸಿವುಗಳು ಏರುಪೇರಾಗುವುದು, ಓದಿದುದು ತಲೆಗೆ ಹತ್ತದಿರುವುದು, ತಾನು ಯಾತಕ್ಕೂ ಬಾರದವನೆಂಬ ಭಾವನೆ ಬಲಿಯುವುದು ಇದರ ಮುಖ್ಯ ಚಿಹ್ನೆಗಳು. ಹದಿಹರೆಯದವರಲ್ಲಿ ದುಃಖಕ್ಕೆ ಬದಲು ಸಿಡುಕುತನವೇ ಎದ್ದು ಕಾಣಬಹುದು. ಕಾರಣ ತಿಳಿಯದ ತಲೆನೋವು, ಹೊಟ್ಟೆನೋವುಗಳ ರೂಪದಲ್ಲಿಯೂ ಬರಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ನಡೆಸಿದ ೨೦೧೫-೧೬ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ೧೩ರಿಂದ ೧೭ ವರ್ಷದವರಲ್ಲಿ ಶೇಕಡ ೭.೩ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ಅಸ್ವಾಸ್ಥ್ಯವಿತ್ತು. ಗ್ರಾಮಾಂತರದಲ್ಲಿ ಶೇಕಡ ೬.೯ ಇದ್ದ ಪ್ರಮಾಣವು ಮಹಾನಗರಗಳಲ್ಲಿ ಶೇಕಡ ೧೩.೫ಕ್ಕೆ ಏರಿತ್ತೆಂಬುದನ್ನು ಮಹಾನಗರಗಳಲ್ಲಿ ಮನೆ ಮಾಡಿಕೊಂಡಿರುವ ನಾವು ಗಮನಿಸತಕ್ಕದ್ದು.

ಇವರಲ್ಲಿ ಗದ್ದಲವೆಬ್ಬಿಸುವ ಮಗು ಹೇಗೋ ಹಿರಿಯರ ಕಣ್ಣಿಗೆ ಬೀಳುವುದು. ಕಣ್ಣಿಗೆ ಬೀಳದಿರುವುದು ಸದ್ದಿಲ್ಲದ ಮಗು. ಶಾಲೆಗೆ ತಪ್ಪದೆ ಹೋಗುವುದು, ಅಂಕ ತರುವುದು, ಬಂದ ನೆಂಟರಿಗೆ ನಮಸ್ಕರಿಸಿ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುವುದು. "ನಮ್ಮ ಹುಡುಗ ಬಲು ಗಂಭೀರ" ಎಂದು ತಂದೆ ಹೆಮ್ಮೆಪಡುವನು. ಈ ಸ್ಥಿತಿಯನ್ನೇ ನಾವು ಮೂಕದುಗುಡವೆಂದು ಕರೆದಿರುವುದು. ನಮ್ಮ ಸಂಘಗಳ ವಾರ್ಷಿಕೋತ್ಸವಗಳಲ್ಲಿ ಶೇಕಡ ತೊಂಬತ್ತು ಪಡೆದ ವಿದ್ಯಾರ್ಥಿಗಳಿಗೆ ಶಾಲು, ಫಲಕ, ಪುಸ್ತಕಗಳು ಸಲ್ಲುತ್ತವೆ. ವೇದಿಕೆಯ ಮೇಲೆ ಸಾಲಾಗಿ ನಿಂತ ಆ ಮಕ್ಕಳಲ್ಲಿ ಎಷ್ಟು ಮಂದಿ ನಿದ್ರೆ ಕಾಣದೆ ಎಷ್ಟು ದಿನಗಳಾದುವೆಂದು ವಿಚಾರಿಸುವ ಪದ್ಧತಿ ಮಾತ್ರ ಇನ್ನೂ ಬಂದಿಲ್ಲ.

ಇಂಥ ಮೌನವನ್ನೇ ವಸ್ತುವಾಗಿಸಿಕೊಂಡ ಒಂದು ಚಿತ್ರವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ೨೦೧೫ರಲ್ಲಿ ಅಮೆರಿಕದ ಪಿಕ್ಸರ್ ಸಂಸ್ಥೆಯು ತಯಾರಿಸಿದ 'ಇನ್‌ಸೈಡ್ ಔಟ್' ಮಕ್ಕಳಿಗಾಗಿ ಮಾಡಿದ ವ್ಯಂಗ್ಯಚಿತ್ರರೂಪದ ಚಲಚ್ಚಿತ್ರ. ನಿರ್ದೇಶಕ ಪೀಟ್ ಡಾಕ್ಟರ್. ಹನ್ನೊಂದು ವರ್ಷವಾದಾಗ ತನ್ನ ಮಗಳು ಇದ್ದಕ್ಕಿದ್ದಂತೆ ಮಾತು ಕಡಿಮೆ ಮಾಡಿದುದೇ ತನಗೆ ಪ್ರೇರಣೆಯಾಯಿತೆಂದು ಅವರು ಹೇಳಿಕೊಂಡಿರುವರು. ಭಾವಗಳ ಅಧ್ಯಯನಕ್ಕೆ ಹೆಸರಾದ ಪಾಲ್ ಎಕ್ಮನ್ ಮತ್ತು ಡ್ಯಾಕರ್ ಕೆಲ್ಟ್ನರ್ ಎಂಬ ಮನಶ್ಶಾಸ್ತ್ರಜ್ಞರ ಸಲಹೆಯನ್ನೂ ಪಡೆಯಲಾಗಿತ್ತು. ಕಥೆಯು ಊರು ಬಿಟ್ಟು ಬಂದ ಸಂಸಾರದ ಕಥೆ. ತಂದೆಯ ಉದ್ಯೋಗದ ನಿಮಿತ್ತ ಮಿನೆಸೋಟಾ ರಾಜ್ಯವನ್ನು ಬಿಟ್ಟು ಸ್ಯಾನ್ ಫ್ರಾನ್ಸಿಸ್ಕೋ ನಗರಕ್ಕೆ ಬಂದ ರೈಲಿ ಎಂಬ ಹುಡುಗಿಗೆ ಹಳೆಯ ಮನೆ, ಗೆಳತಿ, ಹಿಮದ ಮೇಲಿನ ಹಾಕಿ ಆಟ ಎಲ್ಲವೂ ಒಮ್ಮೆಲೇ ಕೈತಪ್ಪುತ್ತವೆ. ಸಾಮಾನು ಹೊತ್ತ ಗಾಡಿಯೂ ಬಂದು ಸೇರಿಲ್ಲ. ಆ ಇಕ್ಕಟ್ಟಿನಲ್ಲಿ ತಾಯಿಯು ಮಗಳ ಪಕ್ಕದಲ್ಲಿ ಕುಳಿತು, ತಂದೆಗೆ ಬಹಳ ತೊಂದರೆಯಿದೆ, ನಾವಿಬ್ಬರೂ ನಗುನಗುತ್ತಿದ್ದರೆ ಅವರಿಗೆ ಸಹಾಯವಾಗುವುದು ಎಂಬರ್ಥದ ಮಾತನ್ನಾಡುವಳು. ಕ್ರೂರವಾದ ಮಾತೇನೂ ಅಲ್ಲ. ಮಗಳನ್ನು ಹೊಗಳುವ ಮಾತು. ಕೆಡಕು ನಡೆಯುವುದು ಅಲ್ಲಿಯೇ. ಅಂದಿನಿಂದ ಹುಡುಗಿಗೆ ಅಳುವ ಅಧಿಕಾರ ತಪ್ಪಿತು.

ರೈಲಿಯ ತಲೆಯೊಳಗೆ ಸಂತೋಷ, ದುಃಖ, ಭಯ, ಜುಗುಪ್ಸೆ, ಕೋಪ ಎಂಬ ಐವರು ಒಂದು ಯಂತ್ರಫಲಕದ ಮುಂದೆ ನಿಂತು ಅವಳ ನಡೆನುಡಿಗಳನ್ನು ನಡೆಸುವಂತೆ ಚಿತ್ರಕಾರರು ಕಲ್ಪಿಸಿರುವರು. ಸ್ಥಾಯೀಭಾವಗಳ ಪಟ್ಟಿಯನ್ನು ಬಲ್ಲ ನಮ್ಮವರಿಗೆ ಈ ಕಲ್ಪನೆ ತೀರ ಹೊಸದೆನಿಸದು. ಕಥೆಯು ಮುಂದುವರಿದಂತೆ ಆ ಫಲಕವು ಬೂದಿಬಣ್ಣಕ್ಕೆ ತಿರುಗಿ, ಯಾವ ಭಾವವು ಯಾವ ಗುಂಡಿಯನ್ನೊತ್ತಿದರೂ ಕೆಲಸ ಮಾಡದಂತಾಗುವುದು. ಖಿನ್ನತೆಯ ಸ್ವರೂಪವನ್ನು ಇದಕ್ಕಿಂತ ಸರಳವಾಗಿ ತೋರಿಸುವುದು ಕಷ್ಟ. ಖಿನ್ನತೆಯೆಂದರೆ ಹೆಚ್ಚಾದ ದುಃಖವೆಂದು ಸಾಮಾನ್ಯರು ತಿಳಿದಿರುವರು. ಅನುಭವಿಸಿದವರು ಹೇಳುವುದು ಏನೂ ಅನ್ನಿಸದಿರುವುದನ್ನು. ಊರಿಗೆ ಮರಳಿ ಓಡಿಹೋಗಲು ಬಸ್ಸು ಹತ್ತಿದ ರೈಲಿಯನ್ನು ಇಳಿಸಿ ಮನೆಗೆ ತರುವುದು ಸಂತೋಷವಲ್ಲ, ದುಃಖ. ಅವಳು ತಂದೆತಾಯಿಗಳ ಮುಂದೆ ನಿಂತು, ನಾನು ನಗುತ್ತಿರಬೇಕೆಂದು ನೀವು ಬಯಸುವಿರಿ, ಆದರೆ ನನಗೆ ಊರಿನ ನೆನಪಾಗುತ್ತಿದೆ ಎಂದು ಅಳುವಾಗ, ತಂದೆಯೂ ತಾಯಿಯೂ ತಮಗೂ ಹಾಗೆಯೇ ಆಗುತ್ತಿದೆಯೆಂದು ಒಪ್ಪಿಕೊಳ್ಳುವರು. ಧಾರವಾಡದಿಂದಲೋ ಉಡುಪಿಯಿಂದಲೋ ಹೊರಟು ಡೊಂಬಿವಲಿಯ ಎರಡು ಕೋಣೆಗಳಲ್ಲಿ ಸಂಸಾರ ಹೂಡಿದ ಮನೆಗಳಲ್ಲಿ ಈ ಒಪ್ಪಿಗೆಯ ಮಾತು ಎಷ್ಟು ಬಾರಿ ಬಂದಿದೆಯೆಂದು ವಾಚಕರೇ ಆಲೋಚಿಸಬಹುದು. ೨೦೨೪ರ ಜೂನ್‌ನಲ್ಲಿ ಬಂದ ಎರಡನೆಯ ಭಾಗದಲ್ಲಿ ಹದಿಮೂರಾದ ಅದೇ ಹುಡುಗಿಯ ತಲೆಯೊಳಗೆ ಆತಂಕ, ಮತ್ಸರ, ಸಂಕೋಚಗಳು ಬಂದು ಸೇರುವುವು. ಜೊತೆಗೆ ಒಂದು ಫ್ರೆಂಚ್ ಹೆಸರಿನ ಭಾವವೂ ಬರುವುದು. ಅದು ನಮ್ಮ ಬೇಜಾರಿಗೆ ಬಹಳ ಹತ್ತಿರದ ಬಂಧು. ಆ ವರ್ಷ ಜಗತ್ತಿನಲ್ಲೆಲ್ಲ ಅತಿ ಹೆಚ್ಚು ಹಣ ಗಳಿಸಿದ ಚಿತ್ರವಿದು ಎಂಬುದರಿಂದ ತಿಳಿಯುವುದಿಷ್ಟೆ: ತನ್ನ ಪಾಡನ್ನು ತೆರೆಯ ಮೇಲೆ ಕಾಣಬಯಸಿದವರು ಕೆಲವರಲ್ಲ.

'ತನ್ನ ಪಾಡನ್ನು ಕಾಣುವುದು' ಎಂಬ ಈ ವ್ಯಾಪಾರವನ್ನು ನಮ್ಮ ಕಾವ್ಯಮೀಮಾಂಸೆಯ ಮುಂದಿಟ್ಟರೆ ಕುತೂಹಲಕರವಾದ ತೊಡಕೊಂದು ಎದುರಾಗುವುದು. ಕಾವ್ಯದ ಶೋಕವು ಯಾರೊಬ್ಬನ ಸ್ವಂತ ಶೋಕವೂ ಆಗದೆ ಸಾಧಾರಣೀಕರಣಗೊಂಡಾಗಲೇ ಕರುಣರಸವಾಗುವುದೆಂದು ಭಟ್ಟನಾಯಕನ ಕಾಲದಿಂದ ಹೇಳುತ್ತ ಬಂದಿರುವರು. ತೀ. ನಂ. ಶ್ರೀಕಂಠಯ್ಯನವರ 'ಭಾರತೀಯ ಕಾವ್ಯಮೀಮಾಂಸೆ' (೧೯೫೩) ಓದಿದವರಿಗೆ ಇದು ಪರಿಚಿತ. ಅಭಿನವಗುಪ್ತನಂತೂ ಪ್ರೇಕ್ಷಕನು ತನ್ನ ಸ್ವಂತ ಸುಖದುಃಖಗಳಲ್ಲಿ ಮುಳುಗಿರುವುದನ್ನು ರಸವಿಘ್ನಗಳಲ್ಲಿ ಒಂದಾಗಿ ಎಣಿಸಿರುವನು. ಆ ಲೆಕ್ಕದಲ್ಲಿ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು "ಇದು ನನ್ನದೇ ಹಾಡು" ಎಂದು ಕಣ್ಣೀರಿಡುವ ಹುಡುಗಿ ಸಹೃದಯಳಲ್ಲ. ರಸಾಸ್ವಾದಕ್ಕೆ ಅಡ್ಡಿಯಾದುದನ್ನೇ ಅವಳು ಆಸ್ವಾದಿಸುತ್ತಿರುವಳು. ಆಚಾರ್ಯನ ಮಾತು ತಪ್ಪಲ್ಲ. ಆದರೆ ಅವಳು ಆ ಹಾಡಿನ ಬಳಿಗೆ ಹೋದುದು ರಸಕ್ಕಾಗಿ ಅಲ್ಲವೆಂಬುದನ್ನೂ ಹೇಳಬೇಕು. ಅವಳಿಗೆ ಬೇಕಾದುದು ಎರಡು: ಒಳಗಿನ ಸಂಕಟಕ್ಕೊಂದು ಹೆಸರು, ಮತ್ತು ಈ ಸಂಕಟ ತನ್ನೊಬ್ಬಳದೇ ಅಲ್ಲವೆಂಬ ಸಾಕ್ಷ್ಯ. ೧೯೫೬ರಲ್ಲಿ ಹಾರ್ಟನ್ ಮತ್ತು ವೋಲ್ ಎಂಬ ಇಬ್ಬರು ಅಮೆರಿಕನ್ ವಿದ್ವಾಂಸರು, ದೂರದರ್ಶನದ ನಟರ ಮೇಲೆ ನೋಡುಗರಿಗೆ ಹುಟ್ಟುವ ಏಕಮುಖ ಸ್ನೇಹವನ್ನು ಪ್ರಥಮವಾಗಿ ವಿಶ್ಲೇಷಿಸಿ ಲೇಖನ ಬರೆದರು. ಆ ಸ್ನೇಹಿತನು ಬೈಯುವುದಿಲ್ಲ, ಅಂಕ ಕೇಳುವುದಿಲ್ಲ, ಪಕ್ಕದ ಮನೆಯವರಿಗೆ ಹೇಳುವುದಿಲ್ಲ. ಮಾತು ಬಾರದ ಮಗುವಿಗೆ ಇದಕ್ಕಿಂತ ಸುರಕ್ಷಿತ ಸಹವಾಸ ಸುಲಭವಾಗಿ ಸಿಗದು.

ಕೊರಿಯಾ ದೇಶದ ಹಾಡುಗಾರರ ತಂಡಗಳಿಗೆ ನಮ್ಮ ಮಕ್ಕಳು ಮರುಳಾಗಿರುವುದೇಕೆಂದು ಅನೇಕರು ಕೇಳುವುದುಂಟು. ಭಾಷೆ ತಿಳಿಯದು, ದೇಶ ಕಂಡುದಲ್ಲ. ಉತ್ತರದ ಒಂದು ಭಾಗ ಆ ದೇಶದ ಪರೀಕ್ಷಾಪದ್ಧತಿಯಲ್ಲಿದೆ. ಅಲ್ಲಿ ವಿಶ್ವವಿದ್ಯಾನಿಲಯ ಪ್ರವೇಶಕ್ಕೆ ಪ್ರತಿವರ್ಷ ನವೆಂಬರ್ ತಿಂಗಳಲ್ಲಿ ಒಂದೇ ದಿನ ನಡೆಯುವ ಪರೀಕ್ಷೆಯು ಎಷ್ಟು ದೊಡ್ಡದೆಂದರೆ, ಇಂಗ್ಲಿಷನ್ನು ಆಲಿಸಿ ಉತ್ತರಿಸುವ ಹೊತ್ತಿನಲ್ಲಿ ವಿಮಾನಗಳ ಏರಿಳಿತವನ್ನೇ ನಿಲ್ಲಿಸುವರು. ೨೦೧೩ರಲ್ಲಿ ರಂಗಕ್ಕಿಳಿದ ಬಿ.ಟಿ.ಎಸ್. ತಂಡದ ಮೊದಲ ಹಾಡುಗಳು ಶಾಲೆಯ ಈ ಒತ್ತಡವನ್ನೂ, ಸ್ವಂತ ಕನಸಿಲ್ಲದೆ ಬೆಳೆಯುವ ಮಕ್ಕಳನ್ನೂ ಕುರಿತವು. ಆ ತಂಡದ ಸುಗಾ ಎಂಬ ಗಾಯಕನು ೨೦೧೬ರಲ್ಲಿ ಬೇರೆ ಹೆಸರಿನಿಂದ ಹೊರತಂದ ಗೀತಸಂಗ್ರಹದಲ್ಲಿ ತನ್ನ ಖಿನ್ನತೆಯನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡನು. ೨೦೨೪ರಲ್ಲಿ ನಮ್ಮ ದೇಶದ ವೈದ್ಯಕೀಯ ಪ್ರವೇಶ ಪರೀಕ್ಷೆಯನ್ನು ಬರೆದವರು ೨೩ ಲಕ್ಷಕ್ಕೂ ಮಿಕ್ಕಿ, ಎಂ.ಬಿ.ಬಿ.ಎಸ್. ಸ್ಥಾನಗಳು ಒಂದು ಲಕ್ಷಕ್ಕೆ ತುಸು ಮೇಲೆ. ಹೀಗಿರುವಾಗ ಸೋಲ್ ನಗರದ ಹಾಡು ಮಾಟುಂಗದಲ್ಲಿ ಅರ್ಥವಾಗುವುದಕ್ಕೆ ನಿಘಂಟು ಬೇಕಿಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ಎಲ್ಲ ಹಾಡೂ ಎಲ್ಲ ಕಥೆಯೂ ಔಷಧವೆಂದು ತಿಳಿಯಬಾರದು. ಗಯಟೆ ಮಹಾಕವಿಯು ೧೭೭೪ರಲ್ಲಿ ಬರೆದ ವೆರ್ಥರನ ಕಾದಂಬರಿಯಲ್ಲಿ ನಾಯಕನು ಪ್ರೇಮದಲ್ಲಿ ನಿರಾಶನಾಗಿ ಪ್ರಾಣ ಕಳೆದುಕೊಳ್ಳುವನು. ಯುರೋಪಿನ ತರುಣರು ಅವನಂತೆ ನೀಲಿ ಅಂಗಿ, ಹಳದಿ ಒಳಗವಚ ತೊಟ್ಟು ತಿರುಗಿದರು. ಕೆಲವರು ಅವನ ದಾರಿಯನ್ನೇ ಹಿಡಿದರೆಂಬ ಭಯದಿಂದ ಲೈಪ್ಜಿಗ್ ನಗರದಲ್ಲಿ ೧೭೭೫ರಲ್ಲಿ ಪುಸ್ತಕವನ್ನು ನಿಷೇಧಿಸಿದರು. ಇಂಥ ಅನುಕರಣೆಗೆ ಸಮಾಜಶಾಸ್ತ್ರಜ್ಞ ಡೇವಿಡ್ ಫಿಲಿಪ್ಸ್ ೧೯೭೪ರಲ್ಲಿ 'ವೆರ್ಥರ್ ಪರಿಣಾಮ' ಎಂದು ಹೆಸರಿಟ್ಟನು. ೨೦೧೭ರ ಮಾರ್ಚಿ ಕೊನೆಯಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ 'ಥರ್ಟೀನ್ ರೀಸನ್ಸ್ ವೈ' ಎಂಬ ಧಾರಾವಾಹಿಯು ಶಾಲಾ ಬಾಲಕಿಯ ಆತ್ಮಹತ್ಯೆಯನ್ನು ತೆರೆಯ ಮೇಲೆ ತೋರಿಸಿತು. ಮರುತಿಂಗಳು ಅಲ್ಲಿ ೧೦ರಿಂದ ೧೭ ವರ್ಷದವರ ಆತ್ಮಹತ್ಯೆಗಳು ಶೇಕಡ ೨೮.೯ರಷ್ಟು ಏರಿದುವೆಂದು ೨೦೧೯ರ ಒಂದು ಅಧ್ಯಯನವು ಹೇಳಿತು. ಈ ಲೆಕ್ಕವನ್ನು ಇತರ ಸಂಶೋಧಕರು ಪ್ರಶ್ನಿಸಿರುವರಾದರೂ, ತಯಾರಕರು ಅದೇ ವರ್ಷದ ಜುಲೈನಲ್ಲಿ ಆ ದೃಶ್ಯವನ್ನು ತೆಗೆದುಹಾಕಿದರು.

ಇದಕ್ಕೆ ಎದುರಾದ ಪರಿಣಾಮವೂ ಒಂದುಂಟು. ಮೋಟ್ಸಾರ್ಟನ 'ಮಾಯಾಕೊಳಲು' (೧೭೯೧) ಎಂಬ ಗೀತನಾಟಕದಲ್ಲಿ ಪಪಗೇನೋ ಎಂಬ ಹಕ್ಕಿ ಹಿಡಿಯುವವನು ಪ್ರಿಯೆ ದೊರೆಯಳೆಂದು ಸಾಯಹೊರಟಾಗ ಮೂವರು ಬಾಲಕರು ಬಂದು, ನಿನ್ನಲ್ಲಿರುವ ಗಂಟೆಗಳನ್ನು ನುಡಿಸಿ ನೋಡೆಂದು ನೆನಪಿಸುವರು, ಅವನು ಬದುಕಿಕೊಳ್ಳುವನು. ಹತಾಶೆಯನ್ನು ದಾಟಿ ಬಂದವರ ಕಥೆಯು ಕೇಳುಗರನ್ನು ಕಾಪಾಡಬಲ್ಲುದೆಂದು ೨೦೧೦ರಲ್ಲಿ ವಿಯೆನ್ನಾದ ನೀಡರ್‌ಕ್ರೋಟೆನ್‌ಥಾಲರ್ ಮತ್ತು ಸಂಗಡಿಗರು ತೋರಿಸಿ, ಅದನ್ನು 'ಪಪಗೇನೋ ಪರಿಣಾಮ'ವೆಂದು ಕರೆದರು. ೨೦೧೭ರಲ್ಲಿ ಲಾಜಿಕ್ ಎಂಬ ಅಮೆರಿಕನ್ ಗಾಯಕನು ಅಲ್ಲಿನ ಸಹಾಯವಾಣಿಯ ದೂರವಾಣಿ ಸಂಖ್ಯೆಯನ್ನೇ ಶೀರ್ಷಿಕೆಯಾಗಿಸಿ, ಸಾಯಬಯಸಿದವನೊಬ್ಬನು ಕರೆಮಾಡಿ ಬದುಕುವತ್ತ ತಿರುಗುವ ಹಾಡನ್ನು ಹೊರತಂದನು. ಆ ಹಾಡಿನತ್ತ ಜನರ ಗಮನ ತೀವ್ರವಾಗಿದ್ದ ಒಟ್ಟು ೩೪ ದಿನಗಳಲ್ಲಿ ಸಹಾಯವಾಣಿಗೆ ನಿರೀಕ್ಷೆಗಿಂತ ೯,೯೧೫ ಕರೆಗಳು ಹೆಚ್ಚಾಗಿ ಬಂದುವೆಂದೂ, ೧೦ರಿಂದ ೧೯ ವರ್ಷದವರ ಆತ್ಮಹತ್ಯೆಗಳು ನಿರೀಕ್ಷಿತ ಪ್ರಮಾಣಕ್ಕಿಂತ ಶೇಕಡ ೫.೫ರಷ್ಟು ಕಡಿಮೆಯಾದುವೆಂದೂ ಅದೇ ವಿದ್ವಾಂಸರು ೨೦೨೧ರಲ್ಲಿ ಪ್ರಕಟಿಸಿದರು. ಹಾಡಿನಲ್ಲಿ ದುಗುಡವಿದೆಯೇ ಎಂಬುದಕ್ಕಿಂತ, ದುಗುಡದ ಆಚೆಗೆ ಆ ಹಾಡು ಬಾಗಿಲೊಂದನ್ನು ತೆರೆದಿಟ್ಟಿದೆಯೇ ಎಂಬುದೇ ಮುಖ್ಯವಾದ ಪ್ರಶ್ನೆ.

ಹಿರಿಯರಿಗೆ ಇದರಿಂದ ಒದಗುವ ಕೆಲಸವು ಕಷ್ಟದ್ದಲ್ಲ, ಆದರೆ ಅಭ್ಯಾಸವಿಲ್ಲದ್ದು. ಮಗ ಪದೇ ಪದೇ ಕೇಳುವ ಹಾಡನ್ನು ನಿಲ್ಲಿಸೆನ್ನುವ ಮೊದಲು ಅವನ ಪಕ್ಕದಲ್ಲಿ ಕುಳಿತು ಒಮ್ಮೆ ಕೇಳಬೇಕು. "ಇದರಲ್ಲಿ ನಿನಗೆ ಹಿಡಿಸಿದ್ದು ಯಾವುದು ಮಗಾ?" ಎಂದರೆ ಮಾತು ಹಾಡಿನ ಮೇಲೆ ಸಾಗುವುದು, ಸ್ವಂತದ ಮಾತನ್ನು ಅದರ ಮರೆಯಲ್ಲಿ ನಿಂತು ಆಡಲು ಅವನಿಗೆ ಸಂಕೋಚವಾಗದು. ಕೂಡಲೇ ಬುದ್ಧಿವಾದ ಹೇಳಿದರೆ ಕೆಟ್ಟಿತು. ನಮ್ಮ ಕಾಲದಲ್ಲಿ ಇದಕ್ಕಿಂತ ಕಷ್ಟವಿತ್ತು ಎಂಬ ಮಾತಂತೂ ನಿಜವಾಗಿದ್ದರೂ ಆಗ ನಿಷ್ಪ್ರಯೋಜಕ. ಸಾಯಬೇಕೆನಿಸುತ್ತಿದೆಯೇ ಎಂದು ನೇರವಾಗಿ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುವುದೆಂಬ ಭಯ ಅನೇಕರಿಗಿದೆ. ಆ ಭಯಕ್ಕೆ ಆಧಾರವಿಲ್ಲ. ಮೆಲುದನಿಯಲ್ಲಿ ನೇರವಾಗಿ ಕೇಳಿದ ಪ್ರಶ್ನೆಯಿಂದ ಮಗುವಿನ ಭಾರ ಇಳಿಯುವುದೇ ಹೆಚ್ಚು.

ಹಾಡು ಹೆಸರನ್ನು ಕೊಡಬಲ್ಲುದು, ಚಿಕಿತ್ಸೆಯನ್ನು ಕೊಡಲಾರದು. ಮೇಲೆ ಹೇಳಿದ ಚಿಹ್ನೆಗಳು ಎರಡು ವಾರಗಳನ್ನು ಮೀರಿದರೆ ಮನೋವೈದ್ಯರನ್ನೋ ಮನಶ್ಶಾಸ್ತ್ರಜ್ಞರನ್ನೋ ಕಾಣಬೇಕು. ಪ್ರಾಣದ ಮಾತು ಬಂದರೆ ಅಂದೇ ಕಾಣಬೇಕು, ಮಗುವನ್ನು ಒಂಟಿಯಾಗಿ ಬಿಡಬಾರದು. ಕ್ರಮಬದ್ಧವಾದ ಮಾತಿನ ಚಿಕಿತ್ಸೆಯಿಂದ, ಅಗತ್ಯವಿದ್ದಲ್ಲಿ ಔಷಧದಿಂದ, ಈ ವಯಸ್ಸಿನವರಲ್ಲಿ ಹೆಚ್ಚಿನವರು ಗುಣಹೊಂದುವರು. ೨೦೧೫ರಲ್ಲಿ ನಟಿ ದೀಪಿಕಾ ಪಡುಕೋಣೆ ಅವರು ತಮ್ಮ ಖಿನ್ನತೆಯನ್ನೂ ಚಿಕಿತ್ಸೆಯನ್ನೂ ಬಹಿರಂಗವಾಗಿ ಹೇಳಿಕೊಂಡ ಮೇಲೆ ಮುಂಬಯಿಯ ಮನೆಗಳಲ್ಲಿ ಈ ಮಾತೆತ್ತುವುದು ಒಂದಿಷ್ಟು ಸುಲಭವಾಯಿತೆಂದು ನಮ್ಮ ಅನಿಸಿಕೆ. ವೈದ್ಯರ ಬಳಿಗೆ ಹೋಗಲು ಹಿಂಜರಿಯುವವರಿಗಾಗಿ ಭಾರತ ಸರ್ಕಾರವು ೨೦೨೨ರ ಅಕ್ಟೋಬರ್ ೧೦ರಂದು 'ಟೆಲಿ ಮಾನಸ್' ಎಂಬ ಉಚಿತ ದೂರವಾಣಿ ಸೇವೆಯನ್ನು ಆರಂಭಿಸಿತು. ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ, ಸಂಖ್ಯೆ ೧೪೪೧೬. ಹಗಲಿರುಳೂ ತೆರೆದಿರುವ ಈ ಸೇವೆಯು ದೊರೆಯುವ ಇಪ್ಪತ್ತು ಭಾಷೆಗಳಲ್ಲಿ ಕನ್ನಡವೂ ಒಂದು. ಕರೆಮಾಡುವವರು ರೋಗಿಯೇ ಆಗಿರಬೇಕೆಂಬ ನಿಯಮವಿಲ್ಲ. ಮಗುವಿನ ಬಗೆಗೆ ಚಿಂತೆಯಿರುವ ತಾಯಿತಂದೆಗಳೂ ಮಾತನಾಡಬಹುದು.